ಹುಚ್ಚೆಂದು ಹೇಳುವ ಮೊದಲು

ನಿಮ್ಮ ಮನೆಯಲ್ಲೊಬ್ಬಳು ಮಗಳಿದ್ದಾಳೆ ಎಂದಿಟ್ಟುಕೊಳ್ಳಿ. ವಯಸ್ಸು ಹದಿನೆಂಟೋ ಇಪ್ಪತ್ತೋ. ಕಾಲೇಜಿಗೆ ಹೋಗುತ್ತಾಳೆ, ಮನೆಗೆಲಸಕ್ಕೆ ಕೈ ಜೋಡಿಸುತ್ತಾಳೆ, ತಮ್ಮಂದಿರಿಗೆ ಪಾಠ ಹೇಳಿಕೊಡುತ್ತಾಳೆ. ಒಂದು ವಾರ ಸಣ್ಣಗೆ ಜ್ವರ, ತಲೆನೋವು ಬಂದು ಹೋಯಿತು. ಆಮೇಲೆ ಅವಳು ಮೊದಲಿನಂತಿಲ್ಲ. ರಾತ್ರಿ ನಿದ್ದೆ ಮಾಡುವುದಿಲ್ಲ. ಕಾರಣವಿಲ್ಲದೆ ಅಳುತ್ತಾಳೆ, ಮರುಗಳಿಗೆಯಲ್ಲಿ ನಗುತ್ತಾಳೆ. ಬಡಿಸಿದ ಅನ್ನದಲ್ಲಿ ಏನೋ ಬೆರೆಸಿದ್ದೀರಿ ಎನ್ನುತ್ತಾಳೆ. ಹೆತ್ತ ತಂದೆಯನ್ನೇ ಸಂಶಯದ ಕಣ್ಣಿನಿಂದ ನೋಡುತ್ತಾಳೆ.

ಆಗ ಮನೆಯವರು ಏನು ಹೇಳುತ್ತಾರೆ? ಪ್ರತಿಯೊಬ್ಬರ ಬಳಿಯೂ ಒಂದೊಂದು ಉತ್ತರ ಸಿದ್ಧವಾಗಿರುತ್ತದೆ. ಅಜ್ಜಿ ಹೇಳುತ್ತಾರೆ, "ಯಾರದೋ ಕಣ್ಣು ಬಿದ್ದಿದೆ." ಚಿಕ್ಕಮ್ಮ ಹೇಳುತ್ತಾರೆ, "ಮಗ್ರಿಬ್ ಹೊತ್ತಿಗೆ ತಲೆಗೂದಲು ಬಿಟ್ಟುಕೊಂಡು ಹಿತ್ತಲಿಗೆ ಹೋಗಿದ್ದಳು, ನಾನೇ ನೋಡಿದ್ದೇನೆ." ಅಣ್ಣ ಹೇಳುತ್ತಾನೆ, "ಮೊಬೈಲ್ ಕೈಗೆ ಕೊಟ್ಟದ್ದೇ ತಪ್ಪು." ನೆರೆಮನೆಯವರು ದನಿ ತಗ್ಗಿಸಿ, "ಯಾರನ್ನೋ ಇಷ್ಟಪಟ್ಟಿರಬೇಕು, ಬೇಗ ಮದುವೆ ಮಾಡಿಬಿಡಿ" ಎನ್ನುತ್ತಾರೆ. ತಾಯಿಯೊಬ್ಬಳೇ ಮಾತಿಲ್ಲದೆ ಮಗಳ ಹಾಸಿಗೆಯ ಪಕ್ಕ ಕುಳಿತಿರುತ್ತಾಳೆ.

ಸಹೋದರಿಯರೇ, ಇಷ್ಟೆಲ್ಲ ಉತ್ತರಗಳ ನಡುವೆ ಯಾರಿಗೂ ಹೊಳೆಯದ ಒಂದು ಉತ್ತರವಿದೆ. ಆ ಮಗಳ ಮೆದುಳಿಗೆ ಕಾಯಿಲೆಯಾಗಿರಬಹುದು. ಅದೂ ಹೊರಗಿನಿಂದ ಬಂದ ಕ್ರಿಮಿಯಿಂದಲ್ಲ, ಅವಳ ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯಿಂದಲೇ. ಇದು ಕಲ್ಪನೆಯ ಮಾತಲ್ಲ. ಇಂತಹ ಒಂದು ಘಟನೆ ಇಡೀ ಜಗತ್ತಿಗೆ ತಿಳಿಯುವಂತೆ ನಡೆದದ್ದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ, 2009ರಲ್ಲಿ.

ಪತ್ರಕರ್ತೆಯ ಕಳೆದುಹೋದ ತಿಂಗಳು

ಸುಸಾನಾ ಕ್ಯಾಹಲನ್ 24ರ ತರುಣಿ. 'ನ್ಯೂಯಾರ್ಕ್ ಪೋಸ್ಟ್' ಪತ್ರಿಕೆಯ ವರದಿಗಾರ್ತಿ. ಚುರುಕು ಹುಡುಗಿ, ಮಾತುಗಾತಿ. ಅವಳ ಕಾಯಿಲೆ ಶುರುವಾದದ್ದು ಎಲ್ಲಿಂದ ಎಂದು ಕೇಳಿದರೆ ನಿಮಗೆ ನಗು ಬಂದೀತು. ತೋಳಿನ ಮೇಲೆ ಎರಡು ಕೆಂಪು ಚುಕ್ಕೆಗಳು ಕಂಡವು. ತಿಗಣೆ ಕಚ್ಚಿದೆ ಎಂದು ಅವಳು ನಿರ್ಧರಿಸಿದಳು. ಕೀಟ ನಿವಾರಣೆಯವನನ್ನು ಕರೆಸಿದಳು. ಅವನು ಇಡೀ ಮನೆ ಹುಡುಕಿ ತಿಗಣೆಯೇ ಇಲ್ಲವೆಂದ. ಅವಳು ನಂಬಲಿಲ್ಲ. 

ಅನಂತರ ಎಡಗೈ ಜೋಮು ಹಿಡಿಯತೊಡಗಿತು. ತಲೆನೋವು, ವಾಕರಿಕೆ ಬಂತು. ನಿದ್ದೆ ಹಾರಿಹೋಯಿತು. ಬೀದಿಯ ದೀಪಗಳ ಬಣ್ಣ ಕಣ್ಣಿಗೆ ಚುಚ್ಚುವಷ್ಟು ಪ್ರಖರವಾಗಿ ಕಂಡಿತು. ಕಚೇರಿಯಲ್ಲಿ ಒಮ್ಮೆ ಅತ್ತಳು, ಹಿಂದೆಯೇ ಖುಷಿಯಿಂದ ಕುಣಿದಾಡಿದಳು. ತನ್ನವರನ್ನೇ ಸಂಶಯಿಸತೊಡಗಿದಳು. ಕೊನೆಗೆ ಒಂದು ರಾತ್ರಿ ಫಿಟ್ಸ್ ಬಂತು.

ವೈದ್ಯರನ್ನು ಕಾಣಲಿಲ್ಲವೇ? ಕಂಡಳು. ರಕ್ತ ಪರೀಕ್ಷೆ ಸರಿಯಿತ್ತು. ಮೆದುಳಿನ ಸ್ಕ್ಯಾನ್ ಸರಿಯಿತ್ತು. ಒಬ್ಬ ವೈದ್ಯರು ಕೆಲಸದ ಒತ್ತಡ ಮತ್ತು ಅತಿಯಾದ ಮದ್ಯಪಾನ ಕಾರಣವೆಂದರು. ಇನ್ನೊಬ್ಬರು ಮನೋರೋಗವೆಂದರು. ಅಷ್ಟರಲ್ಲಿ ಅವಳ ಭ್ರಮೆಗಳು ಬೆಳೆದು, ಟಿವಿಯಲ್ಲಿ ತನ್ನ ಬಗ್ಗೆಯೇ ಸುದ್ದಿ ಬರುತ್ತಿದೆ ಎನ್ನುವಲ್ಲಿಗೆ ಬಂದಿತ್ತು. ಆಸ್ಪತ್ರೆಗೆ ಸೇರಿಸಿದರೆ ಅಲ್ಲಿಂದ ಓಡಿಹೋಗಲು ಯತ್ನಿಸಿದಳು. ದಿನಗಳು ಕಳೆದಂತೆ ಮಾತು ತೊದಲಿತು, ನಡಿಗೆ ನಿಧಾನವಾಯಿತು, ಬಾಯಿ ತನ್ನಷ್ಟಕ್ಕೆ ಆಡುತ್ತಿತ್ತು. ಮಾತುಗಾತಿ ಹುಡುಗಿ ಕ್ರಮೇಣ ಮೌನಿಯಾದಳು.

ಅವಳ ತಂದೆ ತಾಯಿ ಎಂದೋ ಬೇರೆಯಾದವರು. ಆದರೆ ಮಗಳಿಗಾಗಿ ಇಬ್ಬರೂ ಸರದಿಯಂತೆ ಆಸ್ಪತ್ರೆಯಲ್ಲಿ ಕುಳಿತರು. ಒಂದು ನೋಟ್ ಪುಸ್ತಕವಿಟ್ಟು, ವೈದ್ಯರು ಏನು ಹೇಳಿದರು, ಮಗಳು ಹೇಗಿದ್ದಳು ಎಂದು ಒಬ್ಬರಿಗಾಗಿ ಇನ್ನೊಬ್ಬರು ಬರೆದಿಟ್ಟರು. ಮಗಳಿಗೆ ಹುಚ್ಚು ಎಂಬ ಮಾತನ್ನು ಅವರು ಒಪ್ಪಲಿಲ್ಲ. ಅವರು ಒಪ್ಪಿಬಿಟ್ಟಿದ್ದರೆ ಈ ಕಥೆ ಮಾನಸಿಕ ಆಸ್ಪತ್ರೆಯ ಒಂದು ಕೋಣೆಯಲ್ಲಿ ಮುಗಿದುಹೋಗುತ್ತಿತ್ತು.

ಒಂದು ಗಡಿಯಾರದ ಚಿತ್ರ

ಆಗ ಬಂದವರು ಡಾ. ಸುಹೈಲ್ ನಜ್ಜಾರ್. ಸಿರಿಯಾದವರು. ಡಮಾಸ್ಕಸ್‌ನಲ್ಲಿ ವೈದ್ಯಕೀಯ ಕಲಿತು ಅಮೆರಿಕಕ್ಕೆ ಹೋದವರು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಹಿಂದುಳಿದಿದ್ದ ಇವರ ಬಗ್ಗೆ ಶಿಕ್ಷಕರು ಆಸೆ ಬಿಟ್ಟಿದ್ದರಂತೆ. ಬಹುಶಃ ಅದಕ್ಕೇ ಇರಬೇಕು, ಇತರರು ಕೈಬಿಟ್ಟ ರೋಗಿಯನ್ನು ಬೇಗ ಬಿಟ್ಟುಬಿಡುವ ಸ್ವಭಾವ ಅವರದಲ್ಲ.

ಅವರು ಹಾಸಿಗೆಯ ಪಕ್ಕ ಕುಳಿತು ಸುಸಾನಾಳೊಂದಿಗೆ ಮೆಲ್ಲಗೆ ಮಾತನಾಡಿದರು. ಒಂದು ಕಾಗದ, ಒಂದು ಪೆನ್ ಕೊಟ್ಟು, "ಗಡಿಯಾರದ ಚಿತ್ರ ಬರೆಯಮ್ಮಾ" ಎಂದರು. ಅವಳು ಕಷ್ಟಪಟ್ಟು ವೃತ್ತ ಬರೆದಳು. ಒಂದರಿಂದ ಹನ್ನೆರಡರವರೆಗಿನ ಅಂಕಿಗಳನ್ನೆಲ್ಲ ಬಲಬದಿಯಲ್ಲೇ ತುರುಕಿದಳು. ಎಡಭಾಗ ಪೂರ್ತಿ ಖಾಲಿ!

ಲಕ್ಷಾಂತರ ಡಾಲರ್‌ಗಳ ಯಂತ್ರಗಳು ಹೇಳದ ಸತ್ಯವನ್ನು ಆ ಕಾಗದದ ತುಂಡು ಹೇಳಿತು. ಬರೀ ಮನೋರೋಗವಾಗಿದ್ದರೆ ಅಂಕಿಗಳು ಹೀಗೆ ಒಂದೇ ಬದಿಗೆ ಸೇರುತ್ತಿರಲಿಲ್ಲ. ಮೆದುಳಿನ ಬಲಭಾಗ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಅಲ್ಲಿ ಉರಿಯೂತವಿದೆ ಎಂದು ವೈದ್ಯರಿಗೆ ಖಚಿತವಾಯಿತು. "ನಿಮ್ಮ ಮಗಳ ಮೆದುಳು ಹೊತ್ತಿ ಉರಿಯುತ್ತಿದೆ" ಎಂದು ಅವರು ಹೆತ್ತವರಿಗೆ ತಿಳಿಸಿದರು. ಮುಂದಿನ ಪರೀಕ್ಷೆಗಳು ಅದನ್ನೇ ದೃಢಪಡಿಸಿದವು. ಚಿಕಿತ್ಸೆ ಶುರುವಾಯಿತು. ಕೆಲವು ತಿಂಗಳಲ್ಲಿ ಅವಳು ಮತ್ತೆ ಕೆಲಸಕ್ಕೆ ಹೋದಳು. ಆಸ್ಪತ್ರೆಯ ಆ ಒಂದು ತಿಂಗಳು ಮಾತ್ರ ಅವಳ ನೆನಪಿನಲ್ಲಿ ಬಹುಮಟ್ಟಿಗೆ ಉಳಿದಿಲ್ಲ. ಹೆತ್ತವರು ಬರೆದಿಟ್ಟ ಪುಸ್ತಕ, ಆಸ್ಪತ್ರೆಯ ದಾಖಲೆಗಳನ್ನು ಜೋಡಿಸಿ 2012ರಲ್ಲಿ ಅವಳು 'ಬ್ರೇನ್ ಆನ್ ಫೈರ್' ಎಂಬ ಪುಸ್ತಕ ಬರೆದಳು.

ಕಾವಲುಗಾರನೇ ಮನೆಯವರನ್ನು ಹೊಡೆದರೆ

ನಮ್ಮ ದೇಹದಲ್ಲಿ ರೋಗಾಣುಗಳನ್ನು ಹಿಡಿದು ನಾಶಪಡಿಸಲು ಪ್ರತಿಕಾಯಗಳೆಂಬ ಕಣಗಳಿವೆ. ಮನೆಗೆ ಕಾವಲುಗಾರನಿದ್ದ ಹಾಗೆ. ಕೆಲವೊಮ್ಮೆ ಈ ಕಾವಲುಗಾರನಿಗೆ ಗುರುತು ತಪ್ಪುತ್ತದೆ. ಕಳ್ಳನೆಂದು ತಿಳಿದು ಮನೆಯವರ ಮೇಲೆಯೇ ಕೈ ಮಾಡುತ್ತಾನೆ. ಗಂಟುಗಳ ಮೇಲೆ ಕೈ ಮಾಡಿದರೆ ಒಂದು ಬಗೆಯ ಸಂಧಿವಾತ, ಥೈರಾಯ್ಡ್ ಗ್ರಂಥಿಯ ಮೇಲೆ ಮಾಡಿದರೆ ಒಂದು ಬಗೆಯ ಥೈರಾಯ್ಡ್ ಕಾಯಿಲೆ. ಮೆದುಳು ಮತ್ತು ನರಗಳ ಮೇಲೆ ಕೈ ಮಾಡಿದರೆ ಬರುವ ಕಾಯಿಲೆಗಳೇ ನಮ್ಮ ಇಂದಿನ ವಿಷಯ.

ಮೆದುಳಿನ ಕೋಶಗಳು ಒಂದಕ್ಕೊಂದು ಸಂದೇಶ ಕಳಿಸುವಾಗ ಅದನ್ನು ಸ್ವೀಕರಿಸುವ ಬಾಗಿಲುಗಳಿರುತ್ತವೆ. ಅವುಗಳಲ್ಲೊಂದು ಬಗೆಗೆ ಎನ್‌ಎಂಡಿಎ ಗ್ರಾಹಕ ಎಂದು ಹೆಸರು. ನೆನಪು, ಕಲಿಕೆ, ನಡವಳಿಕೆಗಳಿಗೆ ಇವು ಬಹಳ ಮುಖ್ಯ. ಸುಸಾನಾಳ ಪ್ರತಿಕಾಯಗಳು ಹಿಡಿದದ್ದು ಈ ಬಾಗಿಲುಗಳನ್ನೇ. ಈ ಕಾಯಿಲೆಯನ್ನು ಗುರುತಿಸಿದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಡಾ. ಜೋಸೆಫ್ ಡಾಲ್ಮೌ ಮತ್ತು ಸಂಗಡಿಗರು, 2007ರಲ್ಲಿ. ಅಂದರೆ ಅವಳು ಕಾಯಿಲೆ ಬೀಳುವುದಕ್ಕೆ ಕೇವಲ ಎರಡು ವರ್ಷ ಮೊದಲು. ಅದಕ್ಕೂ ಹಿಂದೆ ಈ ಕಾಯಿಲೆ ಬಂದ ಅದೆಷ್ಟು ಹೆಣ್ಣುಮಕ್ಕಳು ಹುಚ್ಚರೆಂಬ ಹೆಸರು ಹೊತ್ತು ಕತ್ತಲ ಕೋಣೆಗಳಲ್ಲಿ ಕೊನೆಯುಸಿರೆಳೆದರೋ!

ಹೆಣ್ಣುಮಕ್ಕಳು ಎಂದು ನಾನು ಸುಮ್ಮನೆ ಬರೆಯುತ್ತಿಲ್ಲ. 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 577 ರೋಗಿಗಳ ವಿವರವಿತ್ತು. ಅವರಲ್ಲಿ ನೂರಕ್ಕೆ 81 ಮಂದಿ ಹೆಣ್ಣುಮಕ್ಕಳು. ಅರ್ಧದಷ್ಟು ಮಂದಿಯ ವಯಸ್ಸು 21ರ ಒಳಗೆ. ಕೆಲವು ತರುಣಿಯರಲ್ಲಿ ಅಂಡಾಶಯದ ಒಂದು ಗೆಡ್ಡೆ ಈ ಪ್ರತಿಕಾಯಗಳು ಹುಟ್ಟಲು ಕಾರಣವಾಗುತ್ತದೆ. ಅದನ್ನು ತೆಗೆದರೆ ಕಾಯಿಲೆ ಇಳಿಯುತ್ತದೆ. ಹಾಗಾಗಿ ಮೆದುಳಿನ ಕಾಯಿಲೆಗೆ ಹೊಟ್ಟೆಯ ಸ್ಕ್ಯಾನ್ ಏಕೆಂದು ಗಾಬರಿಯಾಗಬೇಡಿ. ಸುಸಾನಾಳಲ್ಲಿ ಅಂತಹ ಗೆಡ್ಡೆ ಇರಲಿಲ್ಲ.

ಅದೇ ಅಧ್ಯಯನ ಸಮಾಧಾನದ ಮಾತನ್ನೂ ಹೇಳುತ್ತದೆ. ಎರಡು ವರ್ಷಗಳ ಬಳಿಕ ನೋಡಿದಾಗ ಸುಮಾರು ನೂರಕ್ಕೆ 80 ಮಂದಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಗುಣವಾಗಿದ್ದರು. ಚಿಕಿತ್ಸೆ ಬೇಗ ಆರಂಭವಾದವರು ಹೆಚ್ಚು ಗುಣ ಕಂಡರು. ಗುಣವಾಗುವುದು ಒಂದೇ ತಿಂಗಳಲ್ಲಿ ಮುಗಿಯುವುದಿಲ್ಲ, ವರ್ಷ ದಾಟಿದ ಮೇಲೂ ಮುಂದುವರಿಯುತ್ತದೆ.

ಮನೆಯವರು ಗಮನಿಸಬೇಕಾದ ಗುರುತುಗಳು

ಮಕ್ಕಳ ಸಿಟ್ಟು, ಮೌನ, ಅಳು ಎಲ್ಲವೂ ಈ ಕಾಯಿಲೆಯಲ್ಲ. ಇದು ಅಪರೂಪದ ಕಾಯಿಲೆ. ನಿಜವಾದ ಮನೋರೋಗವೂ ಇದೆ, ಅದಕ್ಕೂ ಒಳ್ಳೆಯ ಚಿಕಿತ್ಸೆ ಇದೆ. ಆದರೆ ಕೆಲವು ಗುರುತುಗಳು ಒಟ್ಟಿಗೆ ಕಂಡರೆ ಸುಮ್ಮನಿರಬಾರದು.

ಮೊದಲನೆಯದು ವೇಗ. ಹಿಂದೆಂದೂ ಮಾನಸಿಕ ತೊಂದರೆಯಿಲ್ಲದ ಮಗಳು ಕೆಲವೇ ದಿನಗಳಲ್ಲಿ ಅಥವಾ ವಾರಗಳಲ್ಲಿ ಪೂರ್ತಿ ಬೇರೆಯವಳಂತೆ ಆಗುವುದು. ಎರಡನೆಯದು, ಅದಕ್ಕೂ ಸ್ವಲ್ಪ ಮೊದಲು ಜ್ವರ, ತಲೆನೋವು ಬಂದಿರುವುದು. ಮೂರನೆಯದು ಫಿಟ್ಸ್. ನಾಲ್ಕನೆಯದು ತುಟಿ, ನಾಲಿಗೆ, ಮುಖ, ಕೈಗಳು ತಮ್ಮಷ್ಟಕ್ಕೆ ಆಡುವುದು, ಅಗಿಯುವಂತೆ ಬಾಯಿ ಚಲಿಸುವುದು. ಐದನೆಯದು ಮಾತು ಕಡಿಮೆಯಾಗುತ್ತಾ ಬಂದು ನಿಂತೇಹೋಗುವುದು, ಕೂರಿಸಿದಲ್ಲೇ ಕೂತಿರುವುದು. ಆರನೆಯದು, ಮನೋರೋಗದ ಮಾತ್ರೆ ಕೊಟ್ಟಾಗ ಗುಣವಾಗುವ ಬದಲು ಮೈ ಮರಗಟ್ಟಿದಂತಾಗಿ ಜ್ವರ ಬರುವುದು. ಪುಟ್ಟ ಮಕ್ಕಳಲ್ಲಿ ಹೆಚ್ಚಾಗಿ ಹಠ, ಕಿರುಚಾಟ, ಫಿಟ್ಸ್ ಅಥವಾ ವಿಚಿತ್ರ ಚಲನೆಗಳು ಮೊದಲು ಕಾಣಿಸುತ್ತವೆ. ಕಲಿತ ಮಾತನ್ನು ಮಗು ಮರೆಯುತ್ತದೆ.

ಓದಿ ಊದುವುದು ಮತ್ತು ಆಸ್ಪತ್ರೆ

ಈಗ ಸ್ವಲ್ಪ ಕಷ್ಟದ ಮಾತು. ಮೇಲಿನ ಗುರುತುಗಳನ್ನು ಮತ್ತೊಮ್ಮೆ ಓದಿ. ಮುಖ ಸೊಟ್ಟಗಾಗುವುದು, ಅರ್ಥವಿಲ್ಲದ ಮಾತು, ಮೈ ಸೆಟೆದುಕೊಳ್ಳುವುದು, ಇಲ್ಲದ್ದನ್ನು ಕಾಣುವುದು. ನಮ್ಮ ಊರುಗಳಲ್ಲಿ ಇದಕ್ಕೆ ಏನು ಹೆಸರಿಡುತ್ತಾರೆ? ಜಿನ್ನ್ ಹಿಡಿದಿದೆ ಎನ್ನುತ್ತಾರೆ. ಇತರ ಸಮುದಾಯದವರು ದೆವ್ವ, ಗಾಳಿ ಎಂಬ ಹೆಸರು ಕೊಡುತ್ತಾರೆ. ಹೆಸರು ಬೇರೆಯಾದರೂ ಹುಡುಗಿ ಅನುಭವಿಸುವುದು ಒಂದೇ.

ನಾನು ಮದ್ರಸದಲ್ಲಿ ಕಲಿತವಳು. ಜಿನ್ನ್‌ಗಳ ಅಸ್ತಿತ್ವವನ್ನು ನಂಬುವವಳು. ಆದರೆ ನಂಬುವುದು ಬೇರೆ, ಕಾಯಿಲೆ ಬಿದ್ದ ಪ್ರತಿ ಹುಡುಗಿಯ ಹಣೆಗೂ ಅದನ್ನು ಅಂಟಿಸುವುದು ಬೇರೆ. ಪ್ರವಾದಿ(ಸ)ರು ಚಿಕಿತ್ಸೆ ಪಡೆಯಿರೆಂದು ಕಲಿಸಿದವರು, ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲವೆಂದು ತಿಳಿಸಿದವರು. ಮಗಳಿಗಾಗಿ ಕುರ್‌ಆನ್ ಓದುವುದನ್ನು, ದುಆ ಮಾಡುವುದನ್ನು ಯಾವ ವೈದ್ಯರೂ ಬೇಡವೆನ್ನುವುದಿಲ್ಲ. ಅದನ್ನು ಆಸ್ಪತ್ರೆಯ ಮಂಚದ ಪಕ್ಕ ಕುಳಿತೂ ಮಾಡಬಹುದಲ್ಲವೇ? 

ಊರೂರು ಅಲೆದು, ತಾಯತ ಕಟ್ಟಿಸಿ, ನಲವತ್ತು ದಿನ ಕಾಯುವುದು ಈ ಕಾಯಿಲೆಯಲ್ಲಿ ತುಂಬಾ ದುಬಾರಿ. ಇನ್ನು ಹೊಗೆ ಹಾಕುವುದು, ಕೋಲಿನಿಂದ ಹೊಡೆಯುವುದು, ಕಟ್ಟಿಹಾಕುವುದು ಶುದ್ಧ ಅನ್ಯಾಯ. ಈ ರೋಗಿಗಳಲ್ಲಿ ರಕ್ತದೊತ್ತಡ, ಎದೆಬಡಿತ, ಉಸಿರಾಟ ಏರುಪೇರಾಗುವ ಅಪಾಯ ಮೊದಲೇ ಇರುತ್ತದೆ. ಹೊಗೆ ಮತ್ತು ಹೊಡೆತ ಅವಳ ಪ್ರಾಣವನ್ನೇ ತೆಗೆಯಬಹುದು. ಬಲ್ಲ ಉಸ್ತಾದರುಗಳು "ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ" ಎಂದು ಹೇಳಿ ಕಳಿಸುವುದನ್ನು ನಾನು ಕಂಡಿದ್ದೇನೆ. ಅವರ ಆ ಒಂದು ಮಾತಿಗೆ ಎಷ್ಟು ಬೆಲೆಯಿದೆ!

ನಾನು ಗದರಿಸಿದ ಹುಡುಗಿ

ಇತರರಿಗೆ ಬುದ್ಧಿ ಹೇಳುವ ನಾನೂ ಇಂತಹ ತಪ್ಪು ಮಾಡಿದ್ದೇನೆ. ಸುಮಾರು ಹತ್ತು ವರ್ಷಗಳ ಹಿಂದಿನ ಮಾತು. ನನ್ನ ತರಗತಿಯಲ್ಲಿ ಹದಿನಾಲ್ಕರ ಒಬ್ಬ ಹುಡುಗಿಯಿದ್ದಳು. ಬೆಳಿಗ್ಗೆಯ ಮೊದಲ ಪೀರಿಯಡ್‌ನಲ್ಲಿ ಚುರುಕಾಗಿರುತ್ತಿದ್ದಳು. ಮಧ್ಯಾಹ್ನ ಕಳೆದರೆ ಕಣ್ಣು ಅರ್ಧ ಮುಚ್ಚಿಕೊಂಡು, ಗಲ್ಲಕ್ಕೆ ಕೈ ಕೊಟ್ಟು ಕೂರುವಳು. ನನಗೆ ಸಿಟ್ಟು ಬಂತು. "ರಾತ್ರಿಯೆಲ್ಲ ಟಿವಿ ನೋಡ್ತಾ ಕೂತಿದ್ದೆಯಾ?" ಎಂದು ಎಲ್ಲರೆದುರು ಕೇಳಿದೆ. ನಿಲ್ಲಿಸಿ ಪಾಠ ಓದಲು ಹೇಳಿದೆ. ಮೊದಲ ನಾಲ್ಕು ಸಾಲು ಸ್ಪಷ್ಟವಾಗಿ ಓದಿದಳು. ಆಮೇಲೆ ದನಿ ಮೂಗಿನಿಂದ ಬರತೊಡಗಿತು. ಪುಟ ಮುಗಿಯುವಷ್ಟರಲ್ಲಿ ಮಾತೇ ಕೇಳಿಸಲಿಲ್ಲ. ಮಕ್ಕಳು ನಕ್ಕರು. ನಾನು ಅವರನ್ನು ತಡೆಯಲಿಲ್ಲ.

ಕೆಲವು ವಾರಗಳ ಬಳಿಕ ಅಕ್ಷರಗಳು ಎರಡೆರಡಾಗಿ ಕಾಣುತ್ತಿವೆ ಎಂದು ಅವಳ ತಾಯಿ ಕಣ್ಣಿನ ವೈದ್ಯರ ಬಳಿ ಕರೆದೊಯ್ದರು. ಆ ವೈದ್ಯರು ಅವಳಿಗೆ ಸ್ವಲ್ಪ ಹೊತ್ತು ಕಣ್ಣು ಮೇಲೆತ್ತಿ ಚಾವಣಿಯನ್ನೇ ನೋಡಲು ಹೇಳಿದರು. ನೋಡನೋಡುತ್ತಿದ್ದಂತೆ ರೆಪ್ಪೆಗಳು ಇಳಿದವು. ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಮಂಜುಗಡ್ಡೆ ಇಟ್ಟರು. ರೆಪ್ಪೆ ಮೇಲೆದ್ದಿತು! ಕೂಡಲೇ ನರರೋಗ ತಜ್ಞರಲ್ಲಿಗೆ ಚೀಟಿ ಬರೆದುಕೊಟ್ಟರು.

ಅವಳ ಕಾಯಿಲೆಯ ಹೆಸರು ಮಯಸ್ತೇನಿಯಾ ಗ್ರೇವಿಸ್. ನರದಿಂದ ಸ್ನಾಯುವಿಗೆ ಸಂದೇಶ ದಾಟುವ ಜಾಗದಲ್ಲಿ ಪ್ರತಿಕಾಯಗಳು ಅಡ್ಡಗಟ್ಟುತ್ತವೆ. ವಿಶ್ರಾಂತಿಯ ನಂತರ ಸ್ನಾಯು ಸರಿಯಿರುತ್ತದೆ, ಕೆಲಸ ಮಾಡಿದಷ್ಟೂ ಸೋಲುತ್ತದೆ. ಅದಕ್ಕೇ ಬೆಳಿಗ್ಗೆ ಚುರುಕು, ಸಂಜೆ ನಿತ್ರಾಣ. ರೆಪ್ಪೆ ಜೋಲುವುದು, ವಸ್ತು ಎರಡಾಗಿ ಕಾಣುವುದು, ಓದುತ್ತಾ ಹೋದಂತೆ ದನಿ ಕುಸಿಯುವುದು, ಊಟದ ನಡುವೆ ದವಡೆ ಸೋಲುವುದು, ತಲೆ ಬಾಚಲು ಎತ್ತಿದ ಕೈ ಬಿದ್ದುಹೋಗುವುದು ಇದರ ಮೊದಲ ಲಕ್ಷಣಗಳು. ನಲವತ್ತರೊಳಗಿನವರಲ್ಲಿ ಇದು ಹೆಂಗಸರಿಗೇ ಹೆಚ್ಚು. ಮಾತ್ರೆಗಳಿಂದ, ಕೆಲವರಲ್ಲಿ ಎದೆಯೊಳಗಿನ ಥೈಮಸ್ ಗ್ರಂಥಿಯನ್ನು ತೆಗೆಯುವುದರಿಂದ ಇದು ಬಹಳಷ್ಟು ಹತೋಟಿಗೆ ಬರುತ್ತದೆ. ಆದರೆ ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಒಂದು ಗಂಟೆಯೂ ತಡಮಾಡಬಾರದು. ಕೆಲವು ಆಂಟಿಬಯೋಟಿಕ್‌ಗಳು ಈ ಕಾಯಿಲೆಯನ್ನು ಉಲ್ಬಣಗೊಳಿಸುತ್ತವೆ. ಹಾಗಾಗಿ ಜ್ವರಕ್ಕೆ ಮದ್ದು ಕೇಳಲು ಹೋದರೂ ಈ ಕಾಯಿಲೆ ಇದೆಯೆಂದು ಮೊದಲು ತಿಳಿಸಬೇಕು.

ನಾನು ಆ ಹುಡುಗಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳು ಹೇಳಿದ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. "ಪರವಾಗಿಲ್ಲ ಟೀಚರ್. ಎಲ್ಲರೂ ಹೇಳಿ ಹೇಳಿ, ನಾನು ಸೋಮಾರಿ ಅಂತ ನನಗೂ ಅನ್ನಿಸಿಬಿಟ್ಟಿತ್ತು."

ಒಲೆಯ ಮುಂದೆ, ನಮಾಝಿನ ಚಾಪೆಯ ಮೇಲೆ

ಇನ್ನೂ ಕೆಲವು ಗುರುತುಗಳಿವೆ. ನಾವು ಹೆಂಗಸರು ಇವನ್ನು ಗ್ಯಾಸ್, ರಕ್ತಹೀನತೆ, ಸುಸ್ತು ಎಂದು ತಳ್ಳಿಹಾಕುವುದೇ ಹೆಚ್ಚು.

ನಿಲ್ಲದ ಬಿಕ್ಕಳಿಕೆ: ಎರಡು ದಿನ ದಾಟಿದರೂ ಬಿಡದ ಬಿಕ್ಕಳಿಕೆ ಅಥವಾ ವಾಂತಿ. ಹೊಟ್ಟೆಯ ಎಲ್ಲ ಪರೀಕ್ಷೆಗಳೂ ಸರಿ. ಗ್ಯಾಸಿನ ಮಾತ್ರೆಗೆ ಜಗ್ಗುವುದಿಲ್ಲ. ಇದು ಎನ್‌ಎಂಒ ಎಂಬ ಕಾಯಿಲೆಯ ಮೊದಲ ಸೂಚನೆ ಆಗಿರಬಹುದು. ವಾಂತಿಯನ್ನು ನಿಯಂತ್ರಿಸುವ ಜಾಗ ಇರುವುದು ಮೆದುಳಿನ ಕಾಂಡದಲ್ಲಿ. ಪ್ರತಿಕಾಯಗಳು ಅಲ್ಲಿ ಕೆಲಸ ಕೆಡಿಸಿದಾಗ ಹೊಟ್ಟೆಯ ತಪ್ಪಿಲ್ಲದೆಯೇ ಹೊಟ್ಟೆ ತೊಳಸುತ್ತದೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಗರ್ಭಿಣಿಯಾಗಿದ್ದರಂತೂ ಬಸುರಿನ ವಾಂತಿಯೆಂದೇ ಎಲ್ಲರೂ ತಿಳಿಯುತ್ತಾರೆ. ಹೀಗೆ ಮರೆತುಬಿಟ್ಟರೆ ಮುಂದಿನ ದಾಳಿ ಕಣ್ಣಿನ ನರಕ್ಕೋ ಬೆನ್ನುಹುರಿಗೋ ಆಗಿ, ಕುರುಡು ಅಥವಾ ಕಾಲುಗಳ ಲಕ್ವ ಉಳಿದುಬಿಡಬಹುದು. ಇದರ ಪ್ರತಿಕಾಯವನ್ನು 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ಸಂಶೋಧಕರು ಕಂಡುಹಿಡಿದರು. ಈಗ ರಕ್ತ ಪರೀಕ್ಷೆಯಿಂದ ಪತ್ತೆಮಾಡಬಹುದು.

ಮಾಸಿದ ಕೆಂಪು: ಒಂದು ಕಣ್ಣು ಹೊರಳಿಸುವಾಗ ನೋವು, ಕೆಲವು ದಿನಗಳಲ್ಲಿ ನೋಟ ಮಂಜು. ಒಂದೊಂದೇ ಕಣ್ಣು ಮುಚ್ಚಿ ಕೆಂಪು ದುಪಟ್ಟಾ ನೋಡಿದರೆ, ಒಂದು ಕಣ್ಣಿಗೆ ಅದು ಒಗೆದು ಮಾಸಿದಂತೆ ಕಾಣುತ್ತದೆ. ಇದು ಕಣ್ಣಿನ ನರದ ಉರಿಯೂತ. ಕನ್ನಡಕದ ಅಂಗಡಿಯಲ್ಲಿ ಇದಕ್ಕೆ ಪರಿಹಾರವಿಲ್ಲ.

ಬೆನ್ನಿನಲ್ಲಿ ಕರೆಂಟು: ನಮಾಝಿನಲ್ಲಿ ತಲೆ ತಗ್ಗಿಸಿದಾಗ, ಗುಡಿಸಲು ಬಾಗಿದಾಗ ಕುತ್ತಿಗೆಯಿಂದ ಬೆನ್ನಿಗೆ, ಕಾಲಿಗೆ ಕರೆಂಟು ಹೊಡೆದಂತೆ ಜುಮ್ಮೆನ್ನುವುದು. ಕತ್ತಿನ ಮೂಳೆ ಸವೆದಿದ್ದರೂ, ಬಿ12 ಜೀವಸತ್ವ ಕಡಿಮೆಯಾಗಿದ್ದರೂ ಹೀಗಾಗುತ್ತದೆ. ಆದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯಲ್ಲೂ ಇದು ಮೊದಲ ಸೂಚನೆಯಾಗಿ ಬರುತ್ತದೆ.

ಬಿಸಿಗೆ ಮಂಜಾಗುವ ಕಣ್ಣು: ಬಿಸಿನೀರಿನ ಸ್ನಾನ ಮುಗಿಸಿದಾಗ, ಬಹಳ ಹೊತ್ತು ಒಲೆಯ ಮುಂದೆ ನಿಂತಾಗ ಕಣ್ಣು ಮಂಜಾಗುವುದು, ಕಾಲು ಸೋಲುವುದು. ಮೈ ತಣಿದ ಮೇಲೆ ಎಲ್ಲ ಸರಿ. ಉರಿಯೂತದಿಂದ ಹೊದಿಕೆ ಕಳೆದುಕೊಂಡ ನರ ಬಿಸಿಯೇರಿದಾಗ ಸಂದೇಶ ಸಾಗಿಸಲಾರದು. ಜರ್ಮನಿಯ ವೈದ್ಯ ಊಟ್‌ಹಾಫ್ ಇದನ್ನು 1890ರಲ್ಲೇ ಗಮನಿಸಿ ಬರೆದಿದ್ದರು.

ಪಾದದಿಂದ ಮೇಲೇರುವ ಜೋಮು: ಭೇದಿ ಅಥವಾ ಜ್ವರ ಬಂದು ಹೋದ ಒಂದೆರಡು ವಾರಗಳಲ್ಲಿ ಎರಡೂ ಪಾದಗಳಲ್ಲಿ ಜೋಮು ಹಿಡಿದು, ಮೆಟ್ಟಿಲು ಹತ್ತಲಾಗದೆ, ಬಲಹೀನತೆ ದಿನದಿನಕ್ಕೆ ಮೇಲೇರುವುದು. ಇದು ಗಿಯಾನ್ ಬಾರೆ ಸಿಂಡ್ರೋಮ್. 2025ರ ಜನವರಿಯಲ್ಲಿ ಪುಣೆಯಲ್ಲಿ ಕಲುಷಿತ ನೀರಿನ ಹಿನ್ನೆಲೆಯಲ್ಲಿ ಇದು ಹರಡಿ, ಶಂಕಿತ ಪ್ರಕರಣಗಳು 200 ದಾಟಿದ್ದನ್ನು ನೀವು ಓದಿರಬಹುದು. ಉಸಿರಾಟದ ಸ್ನಾಯುಗಳಿಗೂ ಇದು ತಲುಪಬಲ್ಲದು. ಹಾಗಾಗಿ ಎಣ್ಣೆ ತಿಕ್ಕುತ್ತಾ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಮನೆಯ ಹಿರಿಯರನ್ನೂ ಗಮನಿಸಿ. ಅರವತ್ತು ದಾಟಿದ ಅಜ್ಜನ ಮುಖದ ಒಂದು ಬದಿ ಮತ್ತು ಅದೇ ಬದಿಯ ಕೈ ದಿನಕ್ಕೆ ಹತ್ತಾರು ಸಲ ಕ್ಷಣಮಾತ್ರ ಎಳೆದುಕೊಂಡು, ಹಿಡಿದ ಚಹಾದ ಲೋಟ ಬೀಳುತ್ತಿದ್ದರೆ ಮುಪ್ಪೆಂದು ಬಿಡಬೇಡಿ. ಇದೂ ಪ್ರತಿಕಾಯಗಳ ಕೆಲಸವಾಗಿರಬಹುದು. ನೆನಪು ಅಳಿಯುವ ಮೊದಲೇ ಚಿಕಿತ್ಸೆ ಮಾಡಿದರೆ ನೆನಪನ್ನು ಉಳಿಸಿಕೊಳ್ಳಬಹುದು.

ಏನು ಮಾಡಬೇಕು?

ಒಂದು ಪುಸ್ತಕ ಇಡಿ. ಯಾವ ದಿನ ಜ್ವರ ಬಂತು, ಯಾವ ದಿನ ನಿದ್ದೆ ಹೋಯಿತು, ಏನೇನು ಮಾತ್ರೆ ಕೊಟ್ಟಿರಿ ಎಂದು ತಾರೀಕು ಸಹಿತ ಬರೆಯಿರಿ. ವೈದ್ಯರ ಕೋಣೆ ಹೊಕ್ಕಾಗ ನಮಗೆ ಅರ್ಧ ಮಾತು ಮರೆತುಹೋಗುತ್ತದೆ. ಮುಖ ಎಳೆದುಕೊಳ್ಳುವುದು, ಫಿಟ್ಸ್, ರೆಪ್ಪೆ ಜೋಲುವುದು ಇವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿ. ಇದು ವೈದ್ಯರ ಕಣ್ಣಿಗೆ ಮಾತ್ರ, ಕುಟುಂಬದ ಗ್ರೂಪಿಗೆ ಹಾಕಬೇಡಿ. ಅವಳ ಮಾನ ನಿಮ್ಮ ಕೈಯಲ್ಲಿದೆ.

ನರರೋಗ ತಜ್ಞರನ್ನು ಕಾಣಿರಿ. ಮನೋವೈದ್ಯರಲ್ಲಿಗೇ ಮೊದಲು ಹೋಗಿದ್ದರೆ ಅದೇನೂ ತಪ್ಪಲ್ಲ. "ಇದು ಮೆದುಳಿನ ಉರಿಯೂತ ಆಗಿರಬಹುದೇ ಡಾಕ್ಟರೇ?" ಎಂದು ಒಂದು ಮಾತು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋರೋಗ, ನರರೋಗ ಎರಡೂ ವಿಭಾಗಗಳು ಒಂದೇ ಆವರಣದಲ್ಲಿರುವುದು ನಮ್ಮ ರಾಜ್ಯದ ಭಾಗ್ಯ. ಇಂತಹ ಪ್ರತಿಕಾಯಗಳ ಪರೀಕ್ಷೆಯೂ ಅಲ್ಲಿದೆ. ಎನ್‌ಎಂಒ, ಮಲ್ಟಿಪಲ್ ಸ್ಕ್ಲೆರೋಸಿಸ್ ಬಗ್ಗೆ ಮಂಗಳೂರಿನ ನಿಟ್ಟೆ ವಿಶ್ವವಿದ್ಯಾಲಯದಲ್ಲಿ ಡಾ. ಲೇಖಾ ಪಂಡಿತ್ ಮತ್ತು ಅವರ ಸಂಗಡಿಗರು ರೋಗಿಗಳ ನೋಂದಣಿ ಇಟ್ಟು ವರ್ಷಗಳಿಂದ ಸಂಶೋಧನೆ ನಡೆಸಿದ್ದಾರೆ. ಈ ಎರಡು ಕಾಯಿಲೆಗಳನ್ನು ಬೇರ್ಪಡಿಸಿ ಗುರುತಿಸುವುದು ಮುಖ್ಯ. ಒಂದಕ್ಕೆ ಕೊಡುವ ಕೆಲವು ಮದ್ದು ಇನ್ನೊಂದನ್ನು ಹೆಚ್ಚಿಸಬಲ್ಲದು.

ಬೆನ್ನಿನಿಂದ ನೀರು ತೆಗೆಯುತ್ತೇವೆ ಎಂದಾಗ ಹೆದರಬೇಡಿ. ಸೊಂಟ ಬಿದ್ದುಹೋಗುತ್ತದೆ ಎಂಬುದು ತಪ್ಪು ಕಲ್ಪನೆ. ಕೆಲವರಿಗೆ ಒಂದೆರಡು ದಿನ ತಲೆನೋವು ಬರಬಹುದು. ಸ್ಕ್ಯಾನ್ ಸರಿಯಿದ್ದರೂ ಆ ನೀರಿನ ಪರೀಕ್ಷೆಯಲ್ಲಿ ಕಾಯಿಲೆ ಸಿಕ್ಕಿಬೀಳುತ್ತದೆ. ಕ್ಷಯದ ಅಥವಾ ವೈರಸ್‌ನ ಮೆದುಳು ಜ್ವರ ಅಲ್ಲವೆಂದು ಖಚಿತಪಡಿಸಲೂ ಅದು ಬೇಕು.

ಚಿಕಿತ್ಸೆಯಲ್ಲಿ ಸ್ಟೀರಾಯ್ಡ್, ಇಮ್ಯುನೋಗ್ಲೋಬ್ಯುಲಿನ್ ಚುಚ್ಚುಮದ್ದು, ರಕ್ತದ ಪ್ಲಾಸ್ಮಾ ಬದಲಿಸುವುದು ಮುಂತಾದ ಕ್ರಮಗಳಿವೆ. ಕೆಲವು ತುಂಬಾ ದುಬಾರಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡ್, ರೇಷನ್ ಕಾರ್ಡ್ ಜೊತೆಗೊಯ್ದು ಯಾವ ಸಹಾಯ ಸಿಗುತ್ತದೆಂದು ಆಸ್ಪತ್ರೆಯಲ್ಲಿ ಕೇಳಿರಿ. ಸಂಕೋಚ ಪಡಬೇಡಿ. ಸ್ವಲ್ಪ ಗುಣ ಕಂಡಿತೆಂದು ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಅದು ಅಪಾಯ. ಗರ್ಭಿಣಿಯಾಗಿದ್ದರೆ, ಮಗು ಬೇಕೆಂದಿದ್ದರೆ ಮೊದಲೇ ತಿಳಿಸಿ, ಕೆಲವು ಮದ್ದುಗಳನ್ನು ಬದಲಿಸಬೇಕಾಗುತ್ತದೆ. ರಮಝಾನಿನಲ್ಲಿ ಉಪವಾಸ ಬಿಡಲು ಮನಸ್ಸು ಒಪ್ಪದೆ ಮಾತ್ರೆ ತಪ್ಪಿಸುವ ಸಹೋದರಿಯರಿದ್ದಾರೆ. ಮಯಸ್ತೇನಿಯಾದಂತಹ ಕಾಯಿಲೆಯಲ್ಲಿ ಕೆಲವೇ ಗಂಟೆಗಳಿಗೊಮ್ಮೆ ಮಾತ್ರೆ ಬೇಕಾಗುತ್ತದೆ. ರೋಗಿಗೆ ಅಲ್ಲಾಹನೇ ಕೊಟ್ಟಿರುವ ರಿಯಾಯಿತಿಯನ್ನು ನಾವೇಕೆ ನಿರಾಕರಿಸಬೇಕು?

ಕೊನೆಯದಾಗಿ ಒಂದು ಮಾತು. ಗುಣವಾಗಿ ಬಂದ ಹುಡುಗಿಯನ್ನು ಮತ್ತೆ "ಆ ಹುಚ್ಚಿ" ಎಂದು ಕರೆಯಬೇಡಿ. ಕಾಯಿಲೆಯಲ್ಲಿ ಅವಳು ಆಡಿದ ಮಾತುಗಳು ಅವಳವಲ್ಲ. ಅದರಲ್ಲಿ ಬಹುಪಾಲು ಅವಳ ನೆನಪಿನಲ್ಲೂ ಇರುವುದಿಲ್ಲ. ನಾವೇ ನೆನಪಿಟ್ಟುಕೊಂಡು ಅವಳ ಓದಿಗೆ, ಮದುವೆಗೆ ಅಡ್ಡಿಯಾದರೆ ಕಾಯಿಲೆ ಬಿಟ್ಟರೂ ನಾವು ಅವಳನ್ನು ಬಿಟ್ಟಂತಾಗಲಿಲ್ಲ.

ಸುಸಾನಾಳನ್ನು ಉಳಿಸಿದ್ದು ಒಂದು ಕಾಗದ, ಒಂದು ಪೆನ್, ಪಕ್ಕದಲ್ಲಿ ಕುಳಿತು ಸಾವಧಾನವಾಗಿ ನೋಡಿದ ಒಬ್ಬ ಮನುಷ್ಯ. ಪಕ್ಕದಲ್ಲಿ ಕುಳಿತು ಸಾವಧಾನವಾಗಿ ನೋಡುವುದು ತಾಯಂದಿರಿಗೂ ಅಕ್ಕಂದಿರಿಗೂ ಗೊತ್ತಿರುವ ಕೆಲಸ. ನಿಮ್ಮ ಮನೆಯ ಮಗಳು ಒಂದು ದಿನ ಇದ್ದಕ್ಕಿದ್ದಂತೆ ಬದಲಾದರೆ ಅವಳಿಗೊಂದು ಹೆಸರಿಡುವ ಮೊದಲು, ಅವಳಿಗೆ ಏನಾಗುತ್ತಿದೆ ಎಂದು ಕೇಳಿ.